ನೂರಕ್ಕೆ ತೊಂಬತ್ತೇಳು

ಮದುವೆ ವಿಡಿಯೊಗಳನ್ನು ಡಿವಿಡಿಯಲ್ಲಿ ಹಾಕಿಕೊಡುತ್ತಿದ್ದ ಕಾಲದಲ್ಲಿ ಚಳ್ಳಕೆರೆಯ ಸ್ಟುಡಿಯೋದವರೆಲ್ಲ ಮಾರುತೇಶನನ್ನು ‘ಪರ್ಸೆಂಟ್ ಮಾರುತೇಶ’ ಎಂದು ರೇಗಿಸುತ್ತಿದ್ದರು. ಉಳಿದವರು ಅಂಗಡಿಯವನು ಕೊಟ್ಟ ಡಿಸ್ಕ್ ತಂದು, ಸಿಕ್ಕಿದ ಡಿವಿಡಿ ರೈಟರ್‌ಗೆ ಹಾಕಿ, ದೇವರ ಮೇಲೆ ಭಾರ ಹಾಕಿ ಕೂರುತ್ತಿದ್ದರು. ಮಾರುತೇಶ ಹಾಗಲ್ಲ. ಅವನ ಕಂಪ್ಯೂಟರಿನಲ್ಲಿದ್ದ ಸಾಫ್ಟ್‌ವೇರ್, ಒಂದೊಂದು ಡಿಸ್ಕ್ ರೈಟ್ ಆಗಿ ಮುಗಿದಾಗಲೂ, ಯಾವ ರೈಟರ್, ಯಾವ ಡಿಸ್ಕ್, ಕೆಲಸ ಸರಿಯಾಯಿತೋ ಕೆಟ್ಟಿತೋ ಎಂಬುದನ್ನು ಹೆಸರು ಊರು ಹೇಳದೆ ಎಲ್ಲಿಗೋ ಕಳಿಸುತ್ತಿತ್ತು. ಹಾಗೆ ಎಲ್ಲೆಲ್ಲಿಂದಲೋ ಬಂದದ್ದನ್ನು ಕೂಡಿಸಿ ಒಂದು ವೆಬ್‌ಸೈಟಿನವರು ಹೋಲಿಸಿ ತೋರಿಸುತ್ತಿದ್ದರು. ಈ ರೈಟರ್‌ಗೆ ಈ ಡಿಸ್ಕ್ ಹಾಕಿದರೆ ನೂರಕ್ಕೆ ಇಷ್ಟು ಗೆಲುವು ಎಂದು. ಮಾರುತೇಶ ಅದನ್ನು ಪಂಚಾಂಗ ನೋಡಿದ ಹಾಗೆ ನೋಡುತ್ತಿದ್ದ.

ತನ್ನ ರೈಟರ್‌ಗೂ ಒಂದು ಜಾತಿಯ ಡಿಸ್ಕ್‌ಗೂ ತೊಂಬತ್ತೇಳು ಎಂದು ಕಂಡದ್ದೇ ತಡ, ಡಬ್ಬಿಗಟ್ಟಲೆ ತರಿಸಿದ. ಡಿಸ್ಕ್ ಕೈಗೆ ಕೊಟ್ಟಾದ ಮೇಲೆ ಕ್ಯಾಮೆರಾದ ಟೇಪ್ ಅಳಿಸಿ ಮುಂದಿನ ಮದುವೆಗೆ ಹಾಕಿಕೊಳ್ಳುವುದನ್ನೂ ಕಲಿತ. ತೊಂಬತ್ತೇಳು ಇರುವಾಗ ಟೇಪ್ ಯಾಕೆ ಕಾಪಾಡಬೇಕು? ಅವನ ಧೈರ್ಯ ನೋಡಿ ಇನ್ನೂ ನಾಲ್ಕು ಜನ ಹಾಗೇ ಮಾಡಿದರು. ಬುದ್ಧಿವಂತಿಕೆಯೂ ನೆಗಡಿಯ ಹಾಗೆ ಅಂಟುತ್ತದೆ.

ಹದಿನೈದು ವರ್ಷವಾದ ಮೇಲೆ ಗೌರಸಮುದ್ರದ ಹುಚ್ಚಕ್ಕ ಅವನ ಸ್ಟುಡಿಯೋ ಮೆಟ್ಟಿಲು ಹತ್ತಿದಳು. ಕೂಲಿ ಮಾಡಿ ಬದುಕುವ ಹೆಂಗಸು. ಸೆರಗಿನಿಂದ ಒಂದು ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟಳು.

‘ಇದು ನನ್ನ ತಮ್ಮ ಗಾದ್ರಪ್ಪನ ಮದ್ವೆದು. ನೀನೇ ತೆಗೆದಿದ್ದು. ಮೆರವಣಿಗೆಯಾಗೆ ಉರುಮೆ ಬಡಿಯೋರ ಮುಂದೆ ನನ್ನ ಮಗಳು ಕುಣಿದವ್ಳೆ. ನಿರ್ಮಲ ಅಂತ. ಆ ವರ್ಷವೇ ಜ್ವರ ಬಂದು ಹೋಗ್ಬಿಟ್ಳು.’

‘ಬೇರೆ ಫೋಟೋ ಇಲ್ವಾ ಅಕ್ಕ?’

‘ಸ್ಕೂಲ್ನಾಗೆ ಫೋಟೋ ತೆಗೆದ ದಿನ ನನ್ನ ಜೊತೆ ಶೇಂಗಾ ಬಿಡಿಸೋಕೆ ಕರ್ಕೊಂಡು ಹೋಗಿದ್ದೆ.’ ‘ಈಗೀಗ ಮಖ ನೆನಪಿಗೆ ಬರ್ತಿಲ್ಲ ಕಣಪ್ಪ. ದನಿ ಬರ್ತೈತೆ, ಜಡೆ ಬರ್ತೈತೆ, ಮಖ ಬರಾಕಿಲ್ಲ. ಒಂದ್ಸಲ ನೋಡಿದ್ರೆ ಸಾಕು.’

ಮಾರುತೇಶ ಡಿಸ್ಕ್ ಹಾಕಿದ. ಗರಗರ ತಿರುಗಿತು, ಸುಮ್ಮನಾಯಿತು, ಮತ್ತೆ ತಿರುಗಿತು. ಕಂಪ್ಯೂಟರು ಡಿಸ್ಕ್ ಖಾಲಿ ಎಂದಿತು. ಹಿಡಿದು ನೋಡಿದರೆ ಒಂದು ಗೀರೂ ಇಲ್ಲ. ಹುಡುಗಿಯ ತಾಯಿ ಪಕ್ಕದಲ್ಲಿ ನಿಂತಿದ್ದಳು, ಅವನಿಗೆ ಅವಳ ಕಡೆ ತಿರುಗಲು ಧೈರ್ಯ ಬರಲಿಲ್ಲ.

ಗಾದ್ರಪ್ಪನ ಹೆಂಡತಿಯ ತವರಿನವರಿಗೂ ಒಂದು ಡಿಸ್ಕ್ ಕೊಟ್ಟಿದ್ದ. ಮಾರನೆಯ ದಿನ ಬೈಕ್ ಹತ್ತಿ ಸಿದ್ದಾಪುರಕ್ಕೆ ಹೋಗಿ ಅದನ್ನೂ ತಂದ. ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದೂ ಖಾಲಿ. ಒಂದೇ ಡಬ್ಬಿಯಿಂದ ತೆಗೆದವು, ಒಂದೇ ದಿನ ರೈಟ್ ಮಾಡಿದವು, ಹೋಗುವಾಗಲೂ ಒಟ್ಟಿಗೇ ಹೋಗಿದ್ದವು.

ಆ ಸಂಜೆ ಅವನು ಹಳೆಯ ವೆಬ್‌ಸೈಟ್ ಹುಡುಕಿದ. ಇನ್ನೂ ಇತ್ತು, ದಿಕ್ಕಿಲ್ಲದೆ. ಹೊಸದಾಗಿ ಯಾರೂ ಏನೂ ಸೇರಿಸಿರಲಿಲ್ಲ. ಅವನ ರೈಟರ್, ಅವನ ಡಿಸ್ಕ್, ನೂರಕ್ಕೆ ತೊಂಬತ್ತೇಳು. ಆಗ ಹೊಳೆದದ್ದು ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ. ಆ ಲೆಕ್ಕ ನೋಡಿದ್ದು ಡಿಸ್ಕ್ ರೈಟ್ ಆಗಿ ಮುಗಿದು ಟ್ರೇ ಹೊರಗೆ ಬಂದ ಆ ಗಳಿಗೆಯನ್ನು ಮಾತ್ರ. ಆಮೇಲೆ ಅದು ಎಷ್ಟು ದಿನ ಬದುಕಿತೆಂದು ಯಾರೂ ವಾಪಸ್ ಬಂದು ಹೇಳಿರಲಿಲ್ಲ, ಹೇಳುವುದಕ್ಕೆ ಅಲ್ಲಿ ಜಾಗವೂ ಇರಲಿಲ್ಲ. ಗಾದ್ರಪ್ಪನ ಮದುವೆ ಇವತ್ತಿಗೂ ಅಲ್ಲಿ ಗೆದ್ದವುಗಳ ಪೈಕಿ. ತಾನು ನಂಬಿದ್ದು ತನ್ನಂಥ ಸಾವಿರಾರು ಜನರ ಆತುರವನ್ನು ಎಂದು ಮಾರುತೇಶನಿಗೆ ಗೊತ್ತಾಯಿತು.

ಆದರೂ ಒಂದು ದಾರಿಯಿತ್ತು. ಒಂದು ರೈಟರ್ ಓದದ ಡಿಸ್ಕನ್ನು ಇನ್ನೊಂದು ಅಷ್ಟೋ ಇಷ್ಟೋ ಓದುವುದುಂಟು. ಮೊಳಕಾಲ್ಮೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ಪ್ರಭುವಿನ ಹತ್ತಿರ ಬೇರೆ ಕಂಪನಿಯ ಹಳೇ ರೈಟರ್ ಇತ್ತು. ಬರುತ್ತೇನೆಂದು ಫೋನ್ ಮಾಡಿ, ಹುಚ್ಚಕ್ಕನನ್ನೂ ಕರೆದುಕೊಂಡು ಬಸ್ ಹತ್ತಿದ. ತಳಕು ಊರು ದಾಟುವವರೆಗೂ ಅವಳು ಡಿಸ್ಕನ್ನು ಸೆರಗಿನಲ್ಲಿ ಹಿಡಿದುಕೊಂಡೇ ಕೂತಿದ್ದಳು. ಆಮೇಲೆ, ‘ಮಖ ಸಿಕ್ರೆ ದೊಡ್ಡ ಫೋಟೋ ಮಾಡ್ಸಿ ಕಟ್ಟು ಹಾಕಿಸ್ಬೇಕು’ ಎಂದಳು.

‘ಏಮಿರಾ ಪರ್ಸೆಂಟು, ಬಂದ್ಯಾ?’ ಎಂದು ನಕ್ಕ ಪ್ರಭು, ಹುಚ್ಚಕ್ಕನ ಮುಖ ನೋಡಿ ನಗು ನುಂಗಿಕೊಂಡ. ಸ್ಟೂಲ್ ಎಳೆದು ಕೂರಿಸಿ, ಟೀ ತರಿಸಿ, ಧೂಳು ಒರೆಸಿ ರೈಟರ್ ಜೋಡಿಸಿದ. ಗೌರಸಮುದ್ರದ ಡಿಸ್ಕ್ ಬಾಯಿ ಬಿಡಲಿಲ್ಲ. ಸಿದ್ದಾಪುರದ್ದು ಬಹಳ ಹೊತ್ತು ಉಸಿರು ಕಟ್ಟಿಕೊಂಡು ತಿರುಗಿ, ಕೊನೆಗೆ ಒಂದು ಚೂರು ಕೊಟ್ಟಿತು. ಉರುಮೆಯವನ ತೋಳು, ಪೆಟ್ರೋಮ್ಯಾಕ್ಸ್ ಬೆಳಕು, ಕುಣಿಯುವ ಹುಡುಗಿಯರು. ಅಲ್ಲಿಗೆ ನಿಂತುಬಿಟ್ಟಿತು.

‘ಬಂತು ಅಕ್ಕ!’ ಮಾರುತೇಶ ಕೂಗಿಯೇಬಿಟ್ಟ. ಅವನ ಕಣ್ಣಲ್ಲಿ ನೀರು ಬಂದಿತ್ತು.

ನಾಲ್ಕು ಹುಡುಗಿಯರಿದ್ದರು. ಮೂವರ ಮುಖ ಚೆನ್ನಾಗಿ ಕಾಣುತ್ತಿತ್ತು. ಅಂಚಿನಲ್ಲಿದ್ದವಳ ಮುಖ ಮಾತ್ರ ಒಡೆದು ಚೌಕ ಚೌಕವಾಗಿತ್ತು.

‘ಇವ್ರಲ್ಲಿ ಯಾರಕ್ಕ ನಿರ್ಮಲ?’

ಹುಚ್ಚಕ್ಕ ಸ್ಕ್ರೀನಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ‘ಇವ್ಳೇ’ ಎಂದು ಬೆರಳಿಟ್ಟಳು. ಬೆರಳು ಅಲ್ಲಿ ನಿಲ್ಲಲಿಲ್ಲ. ‘ತಡಿ ತಡಿ, ಇವ್ಳು ಉದ್ದ ಆದ್ಳು.’ ಪಕ್ಕದವಳ ಮೇಲಿಟ್ಟಳು. ಅಲ್ಲಿಂದಲೂ ತೆಗೆದಳು.

‘ನೀನೇ ತೆಗೆದಿದ್ದಲ್ವಾ. ನೀನೇ ಹೇಳಪ್ಪ.’

ಮಾರುತೇಶನಿಗೆ ಏನು ಗೊತ್ತು? ಆ ವರ್ಷ ಅವನು ತೆಗೆದ ಮೆರವಣಿಗೆಗಳೆಷ್ಟೋ, ಕುಣಿದ ಮಕ್ಕಳೆಷ್ಟೋ. ‘ಗಾದ್ರಪ್ಪನಿಗೆ ಮೊಬೈಲಿಗೆ ಕಳಿಸ್ತೀನಿ, ಅವ್ನು ಗುರುತು ಹಿಡೀತಾನೆ’ ಎಂದು ಫೋನ್ ತೆಗೆದ.

ಹುಚ್ಚಕ್ಕ ಅವನ ಕೈಯನ್ನು ಫೋನಿನ ಸಮೇತ ಗಟ್ಟಿಯಾಗಿ ಹಿಡಿದುಕೊಂಡಳು. ‘ಬ್ಯಾಡ. ಹೆತ್ತೋಳಿಗೇ ಗುರ್ತು ಸಿಗ್ಲಿಲ್ಲ ಅಂತ ಊರಾಗೆ ಗೊತ್ತಾಗೋದು ಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ.’

ಅವನು ಫೋನ್ ಜೇಬಿಗೆ ಹಾಕಿದ. ಅವಳು ಕಣ್ಣೊರೆಸಿಕೊಂಡು ಮತ್ತೊಮ್ಮೆ ಸ್ಕ್ರೀನ್ ನೋಡಿದಳು.

‘ಮೂರು ಜನದ್ದೂ ತೆಗೆದ್ಕೊಡು. ಮೂವರ ಪೈಕಿ ಒಬ್ಳು ನಮ್ಮವ್ಳೇ ಇರ್ತಾಳೆ. ಮೂವರಿಗೂ ಹೂವಿಡ್ತೀನಿ.’

ಪ್ರಭು ಮಾರುತೇಶನ ಮುಖ ನೋಡಿದ. ಅಂಚಿನಲ್ಲಿದ್ದ ನಾಲ್ಕನೆಯವಳೇ ನಿರ್ಮಲ ಇರಬಹುದೆಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಮಾರುತೇಶ ಅವಳನ್ನು ಕತ್ತರಿಸಿ ತೆಗೆದು, ಉಳಿದ ಮೂವರನ್ನು ಪ್ರಿಂಟ್‌ಗೆ ಹಾಕಿದ.