ಕೂಗುವ ತಗಡು

ತೊಟ್.

ಮನೆಯೆಲ್ಲ ಸದ್ದಡಗಿದ ಮೇಲೆ ಶೆಡ್ಡಿನ ಕಡೆಯಿಂದ ಬಂದ ಆ ಒಂದು ಸದ್ದಿಗೆ ಅವಳಿಗೆ ಎಚ್ಚರವಾಯಿತು. ನಲ್ಲಿಯದಲ್ಲ, ಮಲಗುವ ಮುಂಚೆ ನಲ್ಲಿಯನ್ನು ಎರಡು ಸಲ ತಿರುಗಿಸಿ ನೋಡದೆ ಅವಳು ಹಾಸಿಗೆಗೆ ಬರುವವಳಲ್ಲ. ಬಿಸಿ ಇಂಜಿನ್ ತಣ್ಣಗಾಗುವಾಗಿನ ಟಿಕ್ ಟಿಕ್ ಕೂಡ ಅಲ್ಲ. ಅದು ನಿಂತು ಬಹಳ ಹೊತ್ತಾಗಿತ್ತು. ಮತ್ತೆ ತೊಟ್. ಪಕ್ಕದಲ್ಲಿ ಗಂಡ ಗೋಡೆಗೆ ಮುಖಮಾಡಿ ನಿಶ್ಚಿಂತೆಯಿಂದ ನಿದ್ದೆ ಹೋಗಿದ್ದ. ಅವಳು ಟಾರ್ಚು ಹಿಡಿದು ಹೊರಗೆ ಹೋದಳು. ಗಾಡಿಯ ಮೂತಿಯ ಕೆಳಗೆ ಸಿಮೆಂಟಿನ ಮೇಲೆ ಹರಡಿದ್ದ ಹಸಿರು ನೀರನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದಳು. ಸಿಹಿ ವಾಸನೆ. ರೇಡಿಯೇಟರ್ ನೀರೇ.

ಬೀದಿಯವರು ಆ ಗಾಡಿಗೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದರು. ಮೂರು ಸಾಲು ಸೀಟು, ಲಾರಿಗೆ ಸಾಲುವಂಥ ಇಂಜಿನ್, ಮಲಗಿದರೆ ಎಬ್ಬಿಸುವುದು ಕಷ್ಟ, ಎದ್ದರೆ ಕೆಮ್ಮು. ಹಿಂಭಾಗವನ್ನು ಎತ್ತಿ ಹಿಡಿಯುವ ಗಾಳಿಚೀಲಗಳು ಸೋತು, ರಾತ್ರಿ ನೆಟ್ಟಗೆ ನಿಲ್ಲಿಸಿದರೆ ಬೆಳಿಗ್ಗೆ ಕುಂಡೆ ನೆಲಕ್ಕಿಟ್ಟುಕೊಂಡು ಕೂತಿರುತ್ತಿತ್ತು. ಪೆಟ್ರೋಲ್ ಮುಳ್ಳು ಟ್ಯಾಂಕು ತುಂಬಿದ್ದರೂ ಬತ್ತಿದ್ದರೂ ಅರ್ಧಕ್ಕೇ ಅಂಟಿಕೊಂಡಿತ್ತು. ಎಡಗಡೆಯ ಹಿಂಬಾಗಿಲನ್ನು ತೆಗೆಯಬೇಕಾದರೆ ಗಾಜಿಳಿಸಿ ಕೈ ಹೊರಗೆ ಹಾಕಬೇಕು. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ, ನಾಲಿಗೆ ತುದಿಯಲ್ಲಿರುವ ಹೆಸರಿಗಾಗಿ ತಡಕಾಡುವ ಮುದುಕನ ಹಾಗೆ, ಒಂದು ಕ್ಷಣ ಸುಮ್ಮನಾಗಿಬಿಡುತ್ತಿತ್ತು. ಒಂದು ರಿಪೇರಿ ಮುಗಿಯಿತು ಎಂದು ಕೈ ತೊಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬಾಯಿ ತೆರೆಯುತ್ತಿತ್ತು.

ಆದರೂ ಅದು ಓಡುತ್ತಿದ್ದದ್ದು ಅವಳ ಗಂಡನ ಕಿವಿಯಿಂದ. ಉದ್ದದ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿದನೆಂದರೆ, ಯಾವ ಭಾಗ ಎಷ್ಟು ಸವೆದಿದೆ ಎಂದು ಬಿಚ್ಚದೆಯೇ ಹೇಳಿಬಿಡುತ್ತಿದ್ದ. ಅದಕ್ಕೇ ಅವನು ಎಲ್ಲರಿಗೂ ಡಾಕ್ಟ್ರು. ದಿನಾ ನಸುಕಿನಲ್ಲಿ ಆಸ್ಪತ್ರೆಯ ಲಾಂಡ್ರಿಗೆ ಹೋಗುವ ಏಳು ಜನ ಹೆಂಗಸರನ್ನು ತುಂಬಿಕೊಂಡು ಇಳಿಜಾರಿನ ರಸ್ತೆಯಲ್ಲಿ ಕೆಳಗೆ ಕರೆದೊಯ್ದು, ಸಂಜೆ ಹತ್ತಿಸಿಕೊಂಡು ಬರುವುದು ಅವನ ಕೆಲಸ.

ಬೆಳಿಗ್ಗೆ ಅವಳು ಹೇಳಿದಾಗ ಗಂಡ ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿ, ಸ್ಕ್ರೂ ಡ್ರೈವರನ್ನು ವಾಟರ್ ಪಂಪಿಗೆ ಆನಿಸಿ ಕಣ್ಣು ಮುಚ್ಚಿದ.

“ಬೇರಿಂಗ್ ಗಟ್ಟಿಮುಟ್ಟಾಗಿದೆ ಕಣೇ. ಬರೀ ಸೀಲ್ ಹೋಗಿದೆ ಅಷ್ಟೆ.”

ಅವಳು ಅಂಗಳದ ಈಚೆ ತುದಿಯಲ್ಲಿ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಅಲ್ಲಿಗೇ ಆ ಬೇರಿಂಗು ಕುಂಯ್ ಎಂದು ಎಳೆಮಗುವಿನ ಹಾಗೆ ರಾಗ ಎಳೆಯುವುದು ಕೇಳುತ್ತಿತ್ತು. ಅವನು ಏರಿಸುತ್ತಲೇ ಹೋಗುವ ಟಿವಿಯ ಸದ್ದು, ಬಾಗಿಲ ಗಂಟೆಗೆ ಅವನು ಏಳದಿರುವುದು, ಮೊಮ್ಮಗಳು ಫೋನಿನಲ್ಲಿ ಮಾತಾಡಿದರೆ “ಹೂಂ ಪುಟ್ಟಾ, ಹೂಂ” ಎಂದು ಎಲ್ಲಕ್ಕೂ ಹೂಂಗುಟ್ಟುವುದು, ಇಷ್ಟು ದಿನ ಬಿಡಿಬಿಡಿಯಾಗಿ ಬಿದ್ದಿದ್ದವೆಲ್ಲ ಒಟ್ಟಿಗೆ ಬಂದು ನಿಂತವು. ದಪ್ಪ ಸದ್ದು ಅವನಿಗೆ ಕೇಳುತ್ತದೆ. ತೆಳ್ಳನೆಯ ಸದ್ದು ಕೇಳುವುದಿಲ್ಲ. ಗಾಡಿ ಕೆಡುವಾಗ ಮೊದಲು ಮಾಡುವುದು ತೆಳ್ಳನೆಯ ಸದ್ದನ್ನೇ.

ಪುಣ್ಯಕ್ಕೆ ಸೀಲ್ ಬಿಡಿಯಾಗಿ ಸಿಗುವಂಥದ್ದಲ್ಲ, ಇಡೀ ಪಂಪನ್ನೇ ಬದಲಿಸಬೇಕಾಯಿತು. ಆ ಸಲ ಅವಳೇನೂ ಹೇಳಬೇಕಾಗಿ ಬರಲಿಲ್ಲ. ಆದರೆ ಮಾರನೆಯ ದಿನದಿಂದ, ಮನೆಯಲ್ಲಿ ಒಬ್ಬಳೇ ಕೂತು ಬೇಜಾರು ಎಂಬ ನೆವ ಹೇಳಿ, ಗಾಡಿಯ ಮುಂದಿನ ಸೀಟಿನಲ್ಲಿ ಅವನ ಜೊತೆ ಹೋಗತೊಡಗಿದಳು.

“ಏನ್ ಡಾಕ್ಟ್ರೇ, ಹೊಸ ನರ್ಸು ಇಟ್ಕೊಂಡಂಗಿದೆ!” ಎಂದಳು ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗ ನೋಡಿಕೊಳ್ಳುವವಳು. ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು.

“ಹಳೇ ನರ್ಸೇ. ಸಂಬಳ ಇಲ್ಲದ್ದಕ್ಕೆ ಇಷ್ಟು ದಿನ ರಜೆ ಹಾಕಿದ್ಲು,” ಎಂದ ಗಂಡ.

ಗಾಡಿ ತುಂಬ ನಗು. ಇಳಿಜಾರು ಶುರುವಾಗುತ್ತಿದ್ದಂತೆ ಎಡಗಡೆಯ ಮುಂದಿನ ಚಕ್ರದಿಂದ ಕೀಂ… ಎಂದು ತಂತಿಯಂಥ ಸದ್ದು ಎದ್ದಿತು. ಅವಳು ಹಿಂದಿರುಗಿ ನೋಡಿದಳು. ಹಿಂದಿದ್ದವರೆಲ್ಲ ಕಿಟಕಿಯ ಕಡೆ ಮುಖ ಮಾಡಿದ್ದರು. ಅದು ಅವರಿಗೆ ಹೊಸ ಸದ್ದಲ್ಲ ಎಂದು ಅವಳಿಗೆ ಅರ್ಥವಾಯಿತು.

“ರೀ, ಬ್ರೇಕ್ ನೋಡಿ ಎಷ್ಟು ದಿನ ಆಯ್ತು?” ಎಂದಳು, ಗಟ್ಟಿಯಾಗಿ, ಸಹಜವಾಗಿ.

“ಅದರ ಚಿಂತೆ ನಿನಗ್ಯಾಕೆ? ಪ್ಯಾಡಲ್ಲೇ ಒಂದು ಚಿಕ್ಕ ತಗಡು ಇಟ್ಟಿರ್ತಾರೆ. ಪ್ಯಾಡ್ ಸವೆದ್ರೆ ಅದು ಹೋಗಿ ಡಿಸ್ಕಿಗೆ ಉಜ್ಜುತ್ತೆ, ಕೀಂ ಅಂತ ಬಾಯಿ ಬಡ್ಕೊಳ್ಳುತ್ತೆ. ಕಿವುಡನೂ ಎದ್ದು ಕೂರ್ಬೇಕು, ಹಂಗೆ. ಅದಕ್ಕಿಂತ ನಂಬಿಗಸ್ತ ಇಡೀ ಗಾಡೀಲಿ ಯಾರೂ ಇಲ್ಲ.”

ಅವನು ಹೇಳುವಷ್ಟು ಹೊತ್ತೂ ಆ ತಗಡು ಬಾಯಿ ಬಡಿದುಕೊಳ್ಳುತ್ತಲೇ ಇತ್ತು. ಗಾಡಿಯಲ್ಲಿ ಯಾರೂ ನಗಲಿಲ್ಲ. ಇಸ್ತ್ರಿ ಅಕ್ಕ ಕೆಮ್ಮಿದಳು.

ಇಳಿಯುವಾಗ ಆಕೆ ಇವಳ ಕೈ ಹಿಡಿದು, “ನಾವ್ ಯಾರೂ ಬಾಯಿ ಬಿಡಲ್ಲ ಕಣಮ್ಮ. ಆದ್ರೆ ನಂಗೂ ಮಕ್ಕಳಿದಾರೆ,” ಎಂದು ಅಷ್ಟೇ ಹೇಳಿ ಹೋದಳು.

ಅವಳು ಮೈದುನನ ಅಂಗಡಿಗೆ ಹೋದಳು. ಬಿಡಿಭಾಗಗಳ ಅಂಗಡಿ, ಗಂಡ ಎಲ್ಲವನ್ನೂ ತರುತ್ತಿದ್ದದ್ದು ಅಲ್ಲಿಂದಲೇ.

“ಪ್ಯಾಡ್ ಇವೆ ಅತ್ತಿಗೆ. ತಗೊಂಡೋಗಿ ಅಣ್ಣಂಗೆ ಏನಂತೀರ? ಸೊಪ್ಪಿನ ಜೊತೆ ಕೊಸರು ಹಾಕಿದ್ರು ಅಂತೀರಾ?”

“ತಮಾಷೆ ಬೇಡ. ನೀವೇ ಹೇಳಿ ನೋಡಿ. ಒಡಹುಟ್ಟಿದವರು.”

“ಹೋದ ಸಲ ಟೈರ್ ಸವೆದಿದೆ ಅಂದಿದ್ದಕ್ಕೇ ಮಾತು ಬಿಟ್ಟಿದ್ದ. ಕಿವಿ ವಿಷಯ ಎತ್ತಿದ್ರೆ ನನ್ನ ಹೆಣ ನೋಡೋಕೂ ಬರಲ್ಲ.” ಮೈದುನ ಗಲ್ಲಾದ ಮೇಲೆ ಮೊಣಕೈ ಊರಿ ದನಿ ತಗ್ಗಿಸಿದ. “ಗೊತ್ತಾದ್ರೆ ಲೈಸೆನ್ಸ್ ಹೋಗುತ್ತೆ. ಆಸ್ಪತ್ರೆಯವರು ಬೇರೆ ಗಾಡಿ ನೋಡ್ಕೋತಾರೆ. ಆಮೇಲೆ ಅಣ್ಣ ಏನ್ಮಾಡ್ತಾನೆ ಹೇಳಿ? ಬೆಳಗ್ಗಿಂದ ಸಂಜೇವರೆಗೂ ಗೋಡೆ ನೋಡ್ಕೊಂಡು ಕೂತಿರ್ತಾನಾ?”

ಈ ಪ್ರಶ್ನೆಯನ್ನು ಅವಳು ತನಗೆ ತಾನೇ ಎಷ್ಟು ಸಲ ಕೇಳಿಕೊಂಡಿದ್ದಳೋ.

ಆ ಸಂಜೆ ಗಾಡಿ ಬಂದು ನಿಂತ ಮೇಲೆ ಅವಳು ಚಕ್ರದ ಹತ್ತಿರ ಬಗ್ಗಿ, “ರೀ, ಈ ಎಡಗಡೇದು ಕೈ ಸುಡ್ತಿದೆ ನೋಡಿ,” ಎಂದಳು. ಸುಳ್ಳೇನಲ್ಲ. ಅವನು ಗೊಣಗುತ್ತಲೇ ಜಾಕ್ ಹಾಕಿ ಚಕ್ರ ಬಿಚ್ಚಿದ. ಪ್ಯಾಡು ಹೊರಗೆ ಬಂತು. ಉಜ್ಜುವ ಭಾಗವೆಂಬುದು ಉಗುರಿನಷ್ಟೂ ಉಳಿದಿರಲಿಲ್ಲ. ಡಿಸ್ಕಿನ ಮೇಲೆ ನೇಗಿಲು ಹೊಡೆದ ಹಾಗೆ ಗೆರೆಗಳು. ಮತ್ತೆ ಆ ತಗಡು. ಉಜ್ಜಿ ಉಜ್ಜಿ ಬಾಗಿ, ತುದಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ. ಮಸಿ ಹಿಡಿದ ಹೆಬ್ಬೆರಳಿನಿಂದ ಆ ಹೊಳಪನ್ನು ಮತ್ತೆ ಮತ್ತೆ ಸವರುತ್ತಿದ್ದ. ಈ ಹೊಳಪು ಬರಬೇಕಾದರೆ ಅದು ಎಷ್ಟು ದಿನ ಕೂಗಿರಬೇಕು ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

“ನೀನು ಪಕ್ಕದಲ್ಲೇ ಕೂತಿದ್ದೆಯಲ್ಲ,” ಎಂದ, ತಲೆಯೆತ್ತದೆ. “ನಿನಗೆ ಕೇಳಿಸ್ತಿತ್ತಾ?”

ಹೂಂ ಎನ್ನಬೇಕಿತ್ತು. ಆ ಒಂದು ಹೂಂ ನಾಲಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಅವನು ತಲೆಯೆತ್ತಿದ. ಇಷ್ಟು ವರ್ಷದಲ್ಲಿ ಆ ಮುಖದಲ್ಲಿ ಭಯವನ್ನು ಅವಳು ಕಂಡದ್ದಿಲ್ಲ.

“ಇಲ್ಲಪ್ಪ,” ಎಂದುಬಿಟ್ಟಳು. “ನನಗೇನೂ ಕೇಳಿಸ್ಲಿಲ್ಲ.”

ಅವನ ಭುಜಗಳು ಸ್ವಲ್ಪ ಇಳಿದವು. ತಗಡನ್ನು ಕಿತ್ತು ಡಬ್ಬಿಗೆಸೆದ. ಎದ್ದು ತಮ್ಮನ ಅಂಗಡಿಗೆ ಹೋಗಿ ಬಂದ. ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿದ. ಚಕ್ರದ ಕೊನೆಯ ನಟ್ಟು ಬಿಗಿಯುತ್ತ, ಸಮಾಧಾನದ ದನಿಯಲ್ಲಿ ಹೇಳಿದ:

“ನಿನಗೂ ಕೇಳಿಸಿಲ್ಲ ಅಂದ್ರೆ ತಗಡೇ ಸರಿ ಇರ್ಲಿಲ್ಲ. ಈಗಿನ ಮಾಲೇ ಹಂಗೆ. ನಾಳೆಯಿಂದ ನೀನು ಬರೋದು ಬೇಡ ಕಣೇ. ಇಸ್ತ್ರಿ ಅಕ್ಕನ ಮಂಡಿ ಕೆಟ್ಟಿದೆಯಂತೆ, ಮುಂದಿನ ಸೀಟು ಅವಳಿಗಿರಲಿ. ನೀನು ಸುಮ್ನೆ ಕೂತು ಏನ್ಮಾಡ್ತೀಯ?”

ಹೇಳಬಹುದಾಗಿದ್ದ ಒಂದೇ ಮಾತನ್ನು ಅವಳು ಈಗಷ್ಟೇ ಕೈಯಾರೆ ಕಳೆದುಕೊಂಡಿದ್ದಳು. ಬೇಜಾರು ಎಂಬ ನೆವವನ್ನು ಇನ್ನೊಮ್ಮೆ ಮುಂದಿಟ್ಟಳು. ಅವನು ನಕ್ಕು, “ಬೇಜಾರಾದ್ರೆ ಟಿವಿ ಹಾಕ್ಕೋ,” ಎಂದ.

ಮರುದಿನ ನಸುಕಿನಲ್ಲಿ ಅವಳು ಗೇಟಿನ ಬಳಿ ನಿಂತಿದ್ದಳು. ದೊಡ್ಡಪ್ಪ ಕೆಮ್ಮಿ, ನಡುಗಿ, ಚಾಲೂ ಆಯಿತು. ಬ್ರೇಕಿನ ಸದ್ದು ನಿಂತಿತ್ತು. ಆದರೆ ಬಾನೆಟ್ಟಿನೊಳಗಿಂದ, ಬೆಲ್ಟು ಓಡುವ ಕಡೆಯಿಂದ, ಚಿಂವ್ ಚಿಂವ್ ಎಂದು ಗೂಡಿನ ಮರಿಯಂಥ ಹೊಸ ಸದ್ದೊಂದು ಬರುತ್ತಿತ್ತು. ಬೆಲ್ಟಿನ ಗಾಲಿ ಗ್ರೀಸಿಲ್ಲದೆ ಒಣಗಿದೆ. ಗಾಲಿ ಹಿಡಿದುಕೊಂಡರೆ ಬೆಲ್ಟು ಹರಿಯುತ್ತದೆ, ಬೆಲ್ಟು ಹರಿದರೆ ಸ್ಟಿಯರಿಂಗ್ ಕಲ್ಲಾಗುತ್ತದೆ. ಇದನ್ನೆಲ್ಲ ಅವಳಿಗೆ ಕಲಿಸಿದವನು ಅವನೇ. ಅವಳು ಎರಡು ಹೆಜ್ಜೆ ಮುಂದೆ ಹೋದಳು. ಅವನು ಕಿಟಕಿಯಿಂದ ಕೈಬೀಸಿದ. ಅವಳಿಗೂ ಕೈ ಎತ್ತದೆ ವಿಧಿಯಿರಲಿಲ್ಲ. ಕಿವಿಗೆ ಕೇಳಿದ್ದನ್ನು ಹೇಳುವ ಹಕ್ಕು ಇನ್ನು ಅವಳದಲ್ಲ. ಕಣ್ಣಿಗೆ ಕಾಣುವ ತನಕ, ಕೈಗೆ ಬಿಸಿ ತಾಗುವ ತನಕ ಕಾಯಬೇಕು. ಅಷ್ಟರವರೆಗೆ ಇಳಿಜಾರು ಕಾಯುತ್ತದೆಯೇ?

ತಿರುವಿನಲ್ಲಿ ಗಾಡಿ ಮರೆಯಾದ ಮೇಲೂ ಆ ಚಿಂವ್ ಚಿಂವ್ ಸ್ವಲ್ಪ ಹೊತ್ತು ಕೇಳುತ್ತಿತ್ತು. ಒಳಗೆ ಫೋನು ಹೊಡೆದುಕೊಂಡಿತು. ಮೈದುನ.

“ಅತ್ತಿಗೆ, ನಿನ್ನೆ ಅಣ್ಣ ಅಂಗಡಿಗೆ ಬಂದಿದ್ದ. ಮುಖ ಒಂಥರಾ ಇತ್ತು. ಏನಾಯ್ತು? ಏನಾದ್ರೂ ಅಂದ್ನಾ? ನೀವೇನಾದ್ರೂ ಅಂದ್ರಾ?”

ಹೇಳಿದರೆ, ಇಷ್ಟು ದಿನ ಅಳುಕಿದ ಇವನೂ ಈಗ ಹೆದರಿ ಬಂದು ಬೀಗದಕೈ ಕಸಿದುಕೊಳ್ಳುತ್ತಾನೆ. ಗಂಡ ಮತ್ತೆ ಆ ಸ್ಟೂಲಿನ ಮೇಲೆ ಕೂತು, ನಿನ್ನೆಯ ಮುಖವನ್ನೇ ಹೊತ್ತುಕೊಂಡು ಸಾಯುವ ತನಕ ಕೂತಿರುತ್ತಾನೆ. ಹೇಳದಿದ್ದರೆ ಗಾಡಿಯಲ್ಲಿ ಏಳು ಜನ. ಯಾವ ಕಡೆ ತೂಗಿದರೂ ತಕ್ಕಡಿ ಅವಳ ಕಡೆಗೇ ಬಗ್ಗುತ್ತಿತ್ತು. ಆ ಸ್ಟೂಲು, ಆ ಪ್ರಶ್ನೆ, ತಾನು ಕೊಟ್ಟ ಉತ್ತರ. ಮೈದುನನಿಗಾಗಲಿ, ಇಸ್ತ್ರಿ ಅಕ್ಕನಿಗಾಗಲಿ, ಯಾರಿಗೂ ಇದನ್ನು ಹೇಳುವುದಿಲ್ಲ ಎಂದು ಅವಳು ಅಲ್ಲೇ ನಿಶ್ಚಯಿಸಿದಳು.

“ಏನೂ ಆಗ್ಲಿಲ್ಲ,” ಎಂದಳು. “ಪ್ಯಾಡ್ ಹಾಕಿದ್ರು. ಈಗೇನೂ ಸದ್ದಿಲ್ಲ.”