ಹಿಟ್ಟಿನ ಮೇಲೆ ಬೆರಳು

ನಾದಿಟ್ಟ ಗೋಧಿಹಿಟ್ಟಿನ ಮೇಲೆ ಒತ್ತಿದ ನಾಲ್ಕು ಬೆರಳಿನ ಗುರುತು. ತೃಪ್ತಮ್ಮನನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅದೇ. ಅವರ ನಿಜವಾದ ಹೆಸರು ತೃಪ್ತಾ. ದೇಶ ಎರಡಾದಾಗ ಪಂಜಾಬಿನ ತಮ್ಮ ಊರು ಬಿಟ್ಟು, ಎಲ್ಲೆಲ್ಲೋ ಅಲೆದು, ಕೊನೆಗೆ ನಮ್ಮೂರಿಗೆ ಬಂದು ನೆಲೆಸಿದ್ದ ಕತೆಗಾರ್ತಿ. ಯಾರೇ ಬರಲಿ, ಹೆಸರಿಗೊಂದು ‘ಅಮ್ಮ’ ಅಂಟಿಸದೆ ಬಿಡುವ ಜಾಯಮಾನ ನಮ್ಮೂರಿನದಲ್ಲ.

ಅವರಿದ್ದ ವಠಾರದಲ್ಲೇ ಇದ್ದ ನಾನು ಸಂಜೆ ಹೊತ್ತು ರೊಟ್ಟಿ ಕಲಿಯಲು ಹೋಗುತ್ತಿದ್ದೆ. ನನ್ನದು ಮುದ್ದೆ ಕಟ್ಟಿ ಪಳಗಿದ ಕೈ. ಮೊದಲ ದಿನ ಹಿಟ್ಟನ್ನು ಮುದ್ದೆಯಂತೆಯೇ ಗುಂಡಗೆ, ನುಣ್ಣಗೆ ಮಾಡಿ ಬೀಗುತ್ತ ಮುಂದಿಟ್ಟೆ. ಅವರು ಗಾಬರಿಯಾಗಿ ಅದಕ್ಕೆ ಬೆರಳೊತ್ತಿದರು.

“ನುಣ್ಣಗೆ ಬಿಡಬಾರದು ಮಗಳೇ, ಪಿಂಡದ ಹಾಗೆ ಕಾಣುತ್ತೆ. ಬೆರಳೊತ್ತಿದ್ರೆ ಇದು ಬದುಕಿರೋರ ಊಟ ಅಂತ ಗುರುತು.”

“ಹಾಗಾದ್ರೆ ನಮ್ಮನೇಲಿ ದಿನಾ ತಿಥಿ ಊಟವೇ ಬಿಡಿ!” ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವೆಂದರೆ ನನಗೆ ಪ್ರಾಣ.

ತಂಗಿ ಬಿಮಲಾಳ ವಿಷಯದಲ್ಲಿ ಮಾತ್ರ ಅವರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಎಷ್ಟೋ ವರ್ಷಗಳ ಮೇಲೆ ಅವಳ ಕತೆ ಬರೆಯಲು ಕುಳಿತರು. ಸುದ್ದಿ ತಿಳಿದು ಅಣ್ಣ ಬಲದೇವ ದೂರದಿಂದ ಬಂದರು. ಎತ್ತರದ ಆಳು, ಮೆತ್ತನೆಯ ಮಾತು. ನಾನು ಹಿಟ್ಟು ನಾದುತ್ತಿದ್ದೆ. ಅವರ ಹಿಂದಿ ನನಗೂ ತಿಳಿಯುತ್ತಿತ್ತು.

“ದಂಗೆಯೋರ ಕೈಗೆ ಸಿಗಬಾರದು ಅಂತ ಬಿಮಲಾ ನಗ್ತಾ ನಗ್ತಾ ಅಪ್ಪನ ಕತ್ತಿಗೆ ಕೊರಳು ಕೊಟ್ಟಳು. ನಮ್ಮ ಜನ ಇವತ್ತಿಗೂ ಅವಳ ಹೆಸರಿಗೆ ಕೈಮುಗೀತಾರೆ. ಅದನ್ನ ಕೆಡಿಸಬೇಡ ತೃಪ್ತಾ.”

“ನಗಲಿಲ್ಲ ವೀರ್‌ಜಿ.” ಅಣ್ಣನನ್ನು ಅವರು ಕರೆಯುತ್ತಿದ್ದುದು ಹಾಗೆ. “ನನ್ನ ಬೆನ್ನ ಹಿಂದೆ ಅಡಗಿದ್ದಳು. ನನ್ನ ಕಮೀಜು ಹಿಡ್ಕೊಂಡಿದ್ದಳು. ಆ ಬೆರಳುಗಳನ್ನ ಒಂದೊಂದಾಗಿ ಬಿಡಿಸಿದೋರು ನೀವು.”

“ಅಪ್ಪ ಹೇಳಿದ್ರು. ನಾನಿನ್ನೂ ಹುಡುಗ.”

“ಗೊತ್ತು. ನಿಮ್ಮನ್ನ ದೂರೋಕೆ ಬರೀತಿಲ್ಲ. ಅವಳಿಗೆ ಬದುಕೋ ಆಸೆ ಇತ್ತು, ಅದನ್ನ ಯಾರೂ ಹೇಳಲೇ ಇಲ್ಲ. ಮಾನ ಉಳಿಸಿದೋಳಿಗಾಗಿ ಅಳಬಾರದು ಅಂದ್ರು. ಅಮರಳಾದೋಳಿಗೆ ಶ್ರಾದ್ಧ ಯಾಕೆ ಅಂದ್ರು. ನನ್ನ ತಂಗಿಗೆ ಒಂದು ಪಿಂಡ ಕೂಡ ಇಡಲಿಲ್ಲ, ವೀರ್‌ಜಿ.”

ನನಗೆ ಎದ್ದು ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಅಭ್ಯಾಸಬಲದಿಂದ ಹಿಟ್ಟಿಗೆ ಬೆರಳೊತ್ತಿ ತಟ್ಟೆಯನ್ನು ಪಕ್ಕಕ್ಕಿಟ್ಟೆ. ಬಲದೇವ ಅದನ್ನೇ ನೋಡುತ್ತ ಕುಳಿತರು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, ಅಂಗೈಯಿಂದ ಆ ಗುರುತುಗಳನ್ನು ಒಂದೊಂದಾಗಿ ಸವರಿ ಮುಚ್ಚಿದರು.

“ಬರಿ,” ಎಂದರು. “ಅವಳ ಹೆಸರು ಮಾತ್ರ ಬದಲಾಯಿಸಬೇಡ.”

ತೃಪ್ತಮ್ಮ ಅಣ್ಣನ ತಲೆಯನ್ನು ಎದೆಗವಚಿಕೊಂಡರು. ಇಬ್ಬರೂ ಚಿಕ್ಕ ಮಕ್ಕಳಂತೆ ಅತ್ತರು. ನಾನೂ ಅತ್ತೆ.

ಅಂದು ಆ ಮನೆಯಲ್ಲಿ ರೊಟ್ಟಿ ಬೇಯಲಿಲ್ಲ. ವಠಾರದ ಗೋಡೆಯ ಮೇಲೆ, ಇಳಿಬಿಸಿಲಿನಲ್ಲಿ, ಬೆರಳಿನ ಗುರುತಿಲ್ಲದ ನುಣ್ಣನೆಯ ಉಂಡೆಯೊಂದಿತ್ತು. ಕಾಗೆ ಬಂದು ಮುಟ್ಟುವವರೆಗೂ ಅಣ್ಣ ತಂಗಿ ಕೈಹಿಡಿದುಕೊಂಡು ಅಲ್ಲೇ ನಿಂತಿದ್ದರು.