ಆವರೇಜ್ ಯಾಕ ಬಿತ್ತು

ಊಟಕ್ಕೆ ಕುಳಿತಾಗ ಮಲ್ಲೇಶ ಹೆಂಡತಿಯ ಮುಂದೆ ಮೊಬೈಲ್ ಹಿಡಿದ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಾರಿನ ಮೀಟರಿನ ಫೋಟೊ ತೆಗೆದಿಡುವುದು ಅವನ ಚಟ. ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಓಡುತ್ತಿದ್ದ ಗಾಡಿ ದೀಪಾವಳಿಯಾದ ಮೇಲೆ ಹದಿಮೂರಕ್ಕೆ ಇಳಿದಿತ್ತು.

ಹೆಂಡತಿ ಕೋಮಲ ಚಿಕ್ಕೋಡಿಯ ಕೋರ್ಟಿನಲ್ಲಿ ಸ್ಟೆನೋ. ರಾಯಬಾಗದ ಹೊರಗಿದ್ದ ತೋಟದ ಮನೆಯಿಂದ ದಿನವೂ ಅದೇ ಕಾರಿನಲ್ಲಿ ಹೋಗಿ ಬರುತ್ತಿದ್ದಳು.

"ಕಿಲೋಮೀಟರ್ ಅಷ್ಟ ಅದಾವು, ಎಣ್ಣಿ ಮಾತ್ರ ಹೆಚ್ಚ ಸುಟ್ಟೈತಿ. ಅಂದ್ರ ಗಾಡಿ ಚಾಲೂ ಇದ್ದಂಗ ಎಲ್ಲೋ ನಿಂದರತೈತಿ" ಎಂದ.

"ಕಬ್ಬಿನ ಸೀಜನ್ ಐತ್ರಿ. ರೋಡ್ ತುಂಬ ಟ್ರ್ಯಾಕ್ಟರ್. ಫಸ್ಟ್ ಗೇರಿನ್ಯಾಗ ತೆವಳ್ಕೋತ ಹೋಗಬೇಕು."

"ಕಬ್ಬಿನ ಸೀಜನ್ ನನಗ ಹೇಳಿಕೊಡಬ್ಯಾಡ. ಎಸಿ ಹಚ್ಚಿ ಯಾರ ಜೋಡಿ ಕುಂತಿರ್ತಿ?"

ರೊಟ್ಟಿ ಬಡಿಯುತ್ತಿದ್ದ ಅತ್ತೆ ಅಕ್ಕವ್ವನ ಕೈ ನಿಂತಿತು. ಗಂಡಂದಿರು ಹೆಂಡತಿಯರ ಮೇಲೆ ಹೊರಿಸುವ ಇಂಥ ಮಾತುಗಳನ್ನು ಕೋರ್ಟಿನಲ್ಲಿ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದವಳು ಕೋಮಲ. ತಾಟನ್ನು ಸರಿಸಿ ಎದ್ದಳು.

"ನಾಳೆ ನೀವ ಗಾಡಿ ಹೊಡೀರಿ. ನಾ ಬಾಜೂಕ ಕೂಡ್ತೀನಿ."

ಮರುದಿನ ಇಬ್ಬರೂ ಹೊರಟರು. ಪೈಪು ಹಾಕಲು ರಸ್ತೆಯ ಒಂದು ಬದಿಯನ್ನು ಅಗೆದು ಹಾಗೇ ಬಿಟ್ಟಿದ್ದರು. ಉಳಿದ ಅರ್ಧದಲ್ಲಿ ವಾಹನಗಳ ಸಾಲು ಇರುವೆಯಂತೆ ಹರಿಯುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದೂ ನಿಂತುಬಿಟ್ಟಿತು. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಅಡ್ಡವಾಗಿತ್ತು. ಮಲ್ಲೇಶನ ಕಣ್ಣೆದುರಿಗೇ ಮೀಟರಿನ ಆವರೇಜ್ ಇಳಿಯತೊಡಗಿತು. ಅವನು ಹಾರ್ನ್ ಒತ್ತಿ ಒತ್ತಿ ಸೋತ.

"ಯಾವನಲೇ ಅಂವ!" ಎಂದು ಬೈಯುತ್ತ ಇಳಿದು ಹೋದ.

ಟ್ರ್ಯಾಕ್ಟರಿನ ಡ್ರೈವರ್ ಲಗಮಣ್ಣ ಒಡೆದ ಟೈರಿನ ಪಕ್ಕದಲ್ಲಿ ಕುಳಿತಿದ್ದ. ಮಲ್ಲೇಶನನ್ನು ಕಂಡು ಎದ್ದು ನಿಂತ.

"ಸಾವಕಾರ್ರ, ನಿಮ್ಮ ಹೊಲದ ಕಬ್ಬ ಐತ್ರಿ. ಇನ್ನಷ್ಟು ಹೇರಂತ ನೀವ ಹೇಳಿದ್ರಿ, ಟಾಯರ್ ತಡೀಲಿಲ್ಲ. ಕಾರಿನ್ಯಾಗ ಕುಂತ ವೈನಿಯವ್ರ ದಿನಾ ನಮ್ಮ ಗಾಡಿ ಹಿಂದ ಸಿಕ್ಕೊಂಡಿರ್ತಾರ್ರಿ, ಪಾಪ."

ಮಲ್ಲೇಶ ನಗುತ್ತ ವಾಪಸು ಬಂದ. ಅವನ ಎದೆಯ ಭಾರ ಇಳಿದಂತಿತ್ತು.

"ಲಗಮಣ್ಣ ಹೇಳಿದ. ಬಿಡು, ನಿಂದೇನ ತಪ್ಪಿಲ್ಲ."

ಆ ನಗು ನೋಡಿ ಕೋಮಲಳ ಮೈಯೆಲ್ಲ ಉರಿಯಿತು.

"ಗಾಡಿ ಕೀಲಿ ಕೊಡ್ರಿ. ನೀವ ಇಲ್ಲೇ ಇರ್ರಿ."

"ಯಾಕ? ಏನಾತೀಗ?"

"ಮೀಟರ್ ಹೇಳ್ತು, ನಂಬಿದ್ರಿ. ಲಗಮಣ್ಣ ಹೇಳಿದ, ನಂಬಿದ್ರಿ. ನಾ ಹೇಳಿದ್ದ ಯಾಕ ನಂಬಲಿಲ್ಲ? ಹತ್ತ ವರ್ಷ ನಿಮ್ಮ ಜೋಡಿ ಸಂಸಾರ ಮಾಡೀನಿ. ಆ ಟ್ರ್ಯಾಕ್ಟರಿನಷ್ಟೂ ಕಿಮ್ಮತ್ತಿಲ್ಲೇನ ನನಗ?"

ಹಿಂದಿನ ಗಾಡಿಗಳವರು ಇಣುಕಿ ನೋಡತೊಡಗಿದರು. ಮಲ್ಲೇಶ ಕೀಲಿ ಕೊಟ್ಟ. ಅಷ್ಟರಲ್ಲಿ ಲಗಮಣ್ಣ ಟ್ರ್ಯಾಕ್ಟರನ್ನು ತುಸು ಬದಿಗೆ ಎಳೆದಿದ್ದ. ಅವಳು ಕಾರನ್ನು ಮಣ್ಣಿನ ಅಂಚಿಗೆ ಇಳಿಸಿ, ಟ್ರೇಲರಿನ ಪಕ್ಕದಿಂದ ತೂರಿಸಿಕೊಂಡು ಹೊರಟುಹೋದಳು. ಅವನು ಧೂಳಿನಲ್ಲಿ ನಡೆದು, ಸಿಕ್ಕ ಬಸ್ಸು ಹತ್ತಿ ಮನೆ ಸೇರಿದ.

ಸಂಜೆ ಅವನು ತಾಯಿಗೆ ಹೇಳಿದ: "ಯವ್ವಾ, ರೋಡ್ ಜಾಮ್ ಆಗಿ ಆವರೇಜ್ ಬಿದ್ದಿತ್ತು, ಅಷ್ಟ."

"ನಿನ್ನೆ ಅತ್ತಿ ಮುಂದ ನೀವ ಅಂದಿದ್ದು ಬ್ಯಾರೆ" ಎಂದಳು ಕೋಮಲ. "ಅದಕ್ಕ ಏನ ಹೇಳ್ತೀರಿ?"

ಮಲ್ಲೇಶ ಸಹಾಯಕ್ಕಾಗಿ ತಾಯಿಯತ್ತ ನೋಡಿದ. ಅಕ್ಕವ್ವ ಒಲೆ ಆರಿಸಿ ಅವನೆದುರು ಬಂದು ನಿಂತಳು.

"ನಾನೂ ಕೇಳೀನಿ ಆ ಮಾತ. ನಿಮ್ಮಪ್ಪನೂ ನನಗ ಹಂಗ ಅಂದಿದ್ದ, ನಾ ಸುಮ್ಮನ ಕುಂತೆ. ಅಕಿ ಯಾಕ ಸುಮ್ಮನ ಕೂಡಬೇಕು? ಹೇಳೋ."

"ಸಂಶೇ ಪಟ್ಟೆ. ತಪ್ಪಾತು" ಎಂದ ಮಲ್ಲೇಶ, ನೆಲ ನೋಡುತ್ತ. ಆಮೇಲೆ, "ನಾಳಿಂದ ಲೋಡ್ ಕಡಿಮಿ ಹಾಕಸ್ತೀನಿ" ಎಂದ.

"ಹಾಕಸ್ರಿ. ಆದ್ರ ಅದನ್ನ ನನಗ ಉಪಕಾರ ಅಂತ ತಿಳೀಬ್ಯಾಡ್ರಿ."

ಕೋಮಲಳ ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ. ಅತ್ತೆ ಸೊಸೆ ಒಂದೇ ತಾಟಿನಲ್ಲಿ ಕೂಡಿ ಉಂಡರು. ಮಲ್ಲೇಶ ತಾನೇ ಬಡಿಸಿಕೊಂಡ.